ಹಳದಿ ಜ್ವರದ ಮುಂದೆ ಹೊಸ ಗಣರಾಜ್ಯ: 1793ರ ಫಿಲಡೆಲ್ಫಿಯಾ

ಅಮೆರಿಕ ಗಣರಾಜ್ಯದ ಮೊದಲ ಮುಖಂಡರನ್ನು ನಾವು ಸಾಮಾನ್ಯವಾಗಿ ಎರಡು ಸ್ಥಳಗಳಲ್ಲಿ ಕಾಣುತ್ತೇವೆ: ಒಂದು ಯುದ್ಧಭೂಮಿ, ಇನ್ನೊಂದು ಸಂವಿಧಾನವನ್ನು ರಚಿಸಿದ ಸಭಾಂಗಣ. ಅವರ ಪುತ್ಥಳಿಗಳೂ ಚಿತ್ರಗಳೂ ಈ ಎರಡು ಸ್ಥಳಗಳಿಗೇ ಸೇರಿದವು. ಆದರೆ ಸಂವಿಧಾನ ಜಾರಿಗೆ ಬಂದ ನಾಲ್ಕೇ ವರ್ಷಗಳಲ್ಲಿ ಅವರು ಮೂರನೆಯ ಒಂದು ಸ್ಥಳದಲ್ಲಿ, ಸಾಂಕ್ರಾಮಿಕ ರೋಗ ಹಬ್ಬಿದ ನಗರದಲ್ಲಿ, ಪರೀಕ್ಷೆಗೆ ಒಳಗಾದರು. 1793ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಅಂದಿನ ರಾಜಧಾನಿಯಾದ ಫಿಲಡೆಲ್ಫಿಯಾವನ್ನು ಹಳದಿ ಜ್ವರ ಆವರಿಸಿತು. ಸುಮಾರು 50,000 ಜನರಿದ್ದ ನಗರದಲ್ಲಿ 5,000ದಷ್ಟು ಜನ ಸತ್ತರು; ಅಂದರೆ ಹತ್ತು ಜನರಲ್ಲಿ ಒಬ್ಬರು. ರಾಜಕೀಯ, ವೈದ್ಯಕೀಯ ಮತ್ತು ನಾಯಕತ್ವ ಇಷ್ಟು ಹತ್ತಿರದಿಂದ ಒಂದನ್ನೊಂದು ಮುಟ್ಟಿದ ಪ್ರಸಂಗ ಆ ಕಾಲದ ಚರಿತ್ರೆಯಲ್ಲಿ ವಿರಳ. ಸುಮಾರು ಮೂರು ದಶಕ ವೈದ್ಯವೃತ್ತಿಯಲ್ಲಿ ಕಳೆದ ನನಗೆ ಈ ಪ್ರಸಂಗದ ಬಗ್ಗೆ ವಿಶೇಷ ಆಸಕ್ತಿ ಹುಟ್ಟಲು ಅದೇ ಕಾರಣ.

ರಾಜಧಾನಿ ಮತ್ತು ಎರಡು ಪಕ್ಷಗಳು

1790ರಲ್ಲಿ ಅಂಗೀಕಾರವಾದ ಕಾನೂನಿನಂತೆ ಪೊಟೊಮ್ಯಾಕ್ ನದಿಯ ದಡದಲ್ಲಿ ಹೊಸ ರಾಜಧಾನಿ ಸಿದ್ಧವಾಗುವವರೆಗೆ, ಅಂದರೆ ಹತ್ತು ವರ್ಷಗಳ ಕಾಲ, ಫಿಲಡೆಲ್ಫಿಯಾ ತಾತ್ಕಾಲಿಕ ರಾಜಧಾನಿಯಾಗಿತ್ತು. ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲ. ಪಕ್ಷಭೇದವನ್ನು ರಾಷ್ಟ್ರದ ರೋಗವೆಂದೇ ಬಹುತೇಕ ನಾಯಕರು ಭಾವಿಸಿದ್ದರು. ಹಾಗಿದ್ದೂ ಜಾರ್ಜ್ ವಾಷಿಂಗ್ಟನ್ ಅವರ ಸಚಿವ ಸಂಪುಟದಲ್ಲೇ ಎರಡು ಪಕ್ಷಗಳು ಹುಟ್ಟಿಕೊಂಡವು. ಖಜಾನೆಯ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರ ಸುತ್ತ ಸೇರಿದವರು ಫೆಡರಲಿಸ್ಟರು. ಬಲವಾದ ಕೇಂದ್ರ ಸರ್ಕಾರ, ರಾಷ್ಟ್ರೀಯ ಬ್ಯಾಂಕು, ಬ್ರಿಟನ್ನಿನೊಡನೆ ವ್ಯಾಪಾರ ಇವು ಅವರ ಒಲವುಗಳು. ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಮತ್ತು ಕಾಂಗ್ರೆಸ್ ಸದಸ್ಯ ಜೇಮ್ಸ್ ಮ್ಯಾಡಿಸನ್ ಅವರ ಸುತ್ತ ಸೇರಿದವರು ರಿಪಬ್ಲಿಕನ್ನರು. ಇವರಿಗೆ ರಾಜ್ಯಗಳ ಅಧಿಕಾರ ಮುಖ್ಯ. ಫ್ರಾನ್ಸಿನ ಕ್ರಾಂತಿಯ ಬಗ್ಗೆ ಸಹಾನುಭೂತಿ ಹೆಚ್ಚು. ಇಂದಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು ಆರು ದಶಕಗಳ ನಂತರ. ಎರಡನ್ನೂ ಒಂದೆಂದು ತಿಳಿಯಬಾರದು.

1793ರ ಆರಂಭದಲ್ಲಿ ಫ್ರಾನ್ಸ್ ಬ್ರಿಟನ್ನಿನ ಮೇಲೆ ಯುದ್ಧ ಸಾರಿದ ಮೇಲೆ ಈ ಬಿರುಕು ಬೀದಿಗೆ ಬಂತು. ಏಪ್ರಿಲ್ 22ರಂದು ವಾಷಿಂಗ್ಟನ್ ತಮ್ಮ ದೇಶ ತಟಸ್ಥವೆಂದು ಘೋಷಿಸಿದರು. ಅದೇ ವಸಂತದಲ್ಲಿ ಬಂದಿಳಿದ ಫ್ರೆಂಚ್ ರಾಯಭಾರಿ ಎಡ್ಮಂಡ್ ಜೆನೆ ಆ ಘೋಷಣೆಯನ್ನು ಲೆಕ್ಕಿಸದೆ ಅಮೆರಿಕದ ಬಂದರುಗಳಲ್ಲೇ ಬ್ರಿಟಿಷ್ ಹಡಗುಗಳ ಬೇಟೆಗೆ ನೌಕೆಗಳನ್ನು ಸಜ್ಜುಗೊಳಿಸತೊಡಗಿದರು. ಫಿಲಡೆಲ್ಫಿಯಾದಲ್ಲಿ ಅವರ ಪರವಾಗಿ ದೊಡ್ಡ ಗುಂಪುಗಳು ಸೇರಿದವು. ಉಪಾಧ್ಯಕ್ಷ ಜಾನ್ ಆಡಮ್ಸ್ ಇಪ್ಪತ್ತು ವರ್ಷಗಳ ನಂತರ ಜೆಫರ್ಸನ್ ಅವರಿಗೆ ಬರೆದ ಪತ್ರದಲ್ಲಿ ಆ ದಿನಗಳನ್ನು ನೆನೆದಿದ್ದಾರೆ: ಸಾವಿರಾರು ಜನ ದಿನವೂ ಬೀದಿಗಿಳಿದು ವಾಷಿಂಗ್ಟನ್ ಅವರನ್ನು ಮನೆಯಿಂದ ಹೊರಗೆಳೆಯುವ ಬೆದರಿಕೆ ಹಾಕುತ್ತಿದ್ದರು, ಹಳದಿ ಜ್ವರವೊಂದು ಬಾರದಿದ್ದರೆ ಸರ್ಕಾರವೇ ಉರುಳುತ್ತಿತ್ತೆಂದು ಊರಿನ ಶಾಂತಚಿತ್ತರೂ ತಮಗೆ ಹೇಳಿದ್ದರು. ಆಡಮ್ಸ್ ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಜ್ವರ ಕಾಲಿಟ್ಟಾಗ ಊರು ಎಷ್ಟು ಕಾದಿತ್ತೆಂಬುದು ಅದರಿಂದ ತಿಳಿಯುತ್ತದೆ.

ಜ್ವರ ಬಂದ ಬಗೆ

ಆ ಬೇಸಿಗೆಯಲ್ಲಿ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗ್, ಅಂದರೆ ಇಂದಿನ ಹೈಟಿ, ಹೊತ್ತಿ ಉರಿಯುತ್ತಿತ್ತು. ಅಲ್ಲಿಂದ ತಪ್ಪಿಸಿಕೊಂಡ ಎರಡು ಸಾವಿರದಷ್ಟು ನಿರಾಶ್ರಿತರು ಹಡಗುಗಳಲ್ಲಿ ಫಿಲಡೆಲ್ಫಿಯಾ ತಲುಪಿದರು. ಆಗಸ್ಟ್ ಆರಂಭದಲ್ಲಿ ಡೆಲವೇರ್ ನದಿಯ ದಡದ ವಾಟರ್ ಸ್ಟ್ರೀಟ್ ಸುತ್ತಮುತ್ತ ಸಾವುಗಳು ಕಾಣಿಸಿಕೊಂಡವು. ತೀವ್ರ ಜ್ವರ, ಹಳದಿಗೆ ತಿರುಗಿದ ಚರ್ಮ, ಕಪ್ಪು ವಾಂತಿ ಅದರ ಲಕ್ಷಣಗಳು. ಆಗಸ್ಟ್ 19ರಂದು ಡಾ. ಬೆಂಜಮಿನ್ ರಶ್ ಇದು ಹಳದಿ ಜ್ವರವೇ ಎಂಬ ನಿರ್ಣಯಕ್ಕೆ ಬಂದರು. ರಶ್ ಸಾಮಾನ್ಯ ವೈದ್ಯರಲ್ಲ. ಎಡಿನ್‌ಬರೋದಲ್ಲಿ ಕಲಿತವರು, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು, ಗುಲಾಮಗಿರಿಯನ್ನು ವಿರೋಧಿಸಿದವರು, ದೇಶದ ಅತ್ಯಂತ ಪ್ರಸಿದ್ಧ ವೈದ್ಯಶಿಕ್ಷಕರು. ಬಂದರುಕಟ್ಟೆಯಲ್ಲಿ ಕೊಳೆಯುತ್ತಿದ್ದ ಕಾಫಿ ಬೀಜದ ದುರ್ವಾಸನೆಯಿಂದ ಗಾಳಿ ಕೆಟ್ಟು ಜ್ವರ ಹುಟ್ಟಿತೆಂಬುದು ಅವರ ವಾದವಾಗಿತ್ತು.

ಇಂದು ನಮಗೆ ಉತ್ತರ ಗೊತ್ತು. ಇದು ಈಡಿಸ್ ಈಜಿಪ್ಟಿ ಎಂಬ ಸೊಳ್ಳೆ ಹರಡುವ ವೈರಾಣು ರೋಗ. ಹಡಗಿನ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಯೂ, ಸೋಂಕಿತರ ರಕ್ತದಲ್ಲಿ ವೈರಾಣುವೂ ಬಂದಿದ್ದವು. ಊರಿನ ತೊಟ್ಟಿ, ಹಂಡೆ, ಚರಂಡಿಗಳಲ್ಲಿ ನಿಂತ ನೀರು ಸೊಳ್ಳೆಗೆ ಮನೆಯಾಯಿತು. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಸೊಳ್ಳೆಯ ಸಿದ್ಧಾಂತವನ್ನು ಮಂಡಿಸಿದರು. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ತಂಡ ಅದನ್ನು ಪ್ರಯೋಗದಿಂದ ಸ್ಥಾಪಿಸಿತು. ಕರ್ನಾಟಕದಲ್ಲಿ ಡೆಂಗಿ ಹರಡುವುದೂ ಇದೇ ಸೊಳ್ಳೆ. ಭಾರತದಲ್ಲಿ ಸೊಳ್ಳೆಯಿದ್ದೂ ಹಳದಿ ಜ್ವರವಿಲ್ಲ. ಆಫ್ರಿಕ, ದಕ್ಷಿಣ ಅಮೆರಿಕದ ಸೋಂಕಿನ ನಾಡುಗಳಿಂದ ಊರಿಗೆ ಹೋಗುವ ನಮ್ಮವರನ್ನು ವಿಮಾನ ನಿಲ್ದಾಣದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುವುದು ಆ ಕಾರಣದಿಂದಲೇ.

ಚದುರಿದ ಸರ್ಕಾರ

ಸೆಪ್ಟೆಂಬರ್ ಬರುವಷ್ಟರಲ್ಲಿ ಉಳ್ಳವರು ಊರು ಬಿಡತೊಡಗಿದರು. ಒಟ್ಟು 17,000ಕ್ಕೂ ಹೆಚ್ಚು ಜನ ಹೊರಟುಹೋದರೆಂದು ಅಂದಾಜು. ಪೆನ್ಸಿಲ್ವೇನಿಯ ರಾಜ್ಯದ ಶಾಸನಸಭೆ ಚದುರಿತು. ಸೆಪ್ಟೆಂಬರ್ 10ರಂದು ವಾಷಿಂಗ್ಟನ್ ಮೌಂಟ್ ವರ್ನನ್‌ಗೆ ಹೊರಟರು. ಅವರ ಪ್ರಯಾಣ ಮೊದಲೇ ನಿಗದಿಯಾಗಿತ್ತು. ಆದರೆ ಬೇಕಾದ ಕಡತಗಳು ರಾಜಧಾನಿಯಲ್ಲೇ ಉಳಿದುಹೋದವು. ಹಿಂಜರಿದಂತೆ ಕಾಣಬಾರದೆಂದು ಕೆಲವು ದಿನ ನಿಂತ ಜೆಫರ್ಸನ್ ಸೆಪ್ಟೆಂಬರ್ 17ರಂದು ಹೊರಟರು. ಆ ವೇಳೆಗೆ ಅವರ ಕಚೇರಿಯಲ್ಲಿ ಗುಮಾಸ್ತರೇ ಇರಲಿಲ್ಲವೆನ್ನುವ ಸ್ಥಿತಿ. ಹ್ಯಾಮಿಲ್ಟನ್ ಮತ್ತು ಅವರ ಪತ್ನಿ ಎಲಿಜಬೆತ್ ಇಬ್ಬರಿಗೂ ಜ್ವರ ತಗುಲಿತು. ಆ ಸುದ್ದಿಯನ್ನು ಮ್ಯಾಡಿಸನ್ ಅವರಿಗೆ ತಿಳಿಸುತ್ತ ಜೆಫರ್ಸನ್, ಹ್ಯಾಮಿಲ್ಟನ್ ಸ್ವಭಾವತಃ ಅಂಜುಬುರುಕರು, ಕಾಯಿಲೆಗಿಂತ ಭಯವೇ ಅವರಿಗೆ ಹೆಚ್ಚಾಗಿದೆ ಎಂಬರ್ಥದ ಮಾತು ಬರೆದರು. ಮಾರಕ ರೋಗದಿಂದ ಮಲಗಿದ ಸಹೋದ್ಯೋಗಿಯ ಬಗ್ಗೆ ಜೆಫರ್ಸನ್ ಅವರಂಥವರ ಲೇಖನಿಯಿಂದ ಈ ಮಾತು ಬಂತೆಂದರೆ ಪಕ್ಷದ್ವೇಷ ಎಷ್ಟು ಆಳಕ್ಕಿಳಿದಿತ್ತೆಂದು ಊಹಿಸಬಹುದು.

ಯಾರೊಬ್ಬರೂ ಕರ್ತವ್ಯಭ್ರಷ್ಟರೆಂದು ನಾನು ಹೇಳಲಾರೆ. ಅಂದಿನ ತಿಳಿವಳಿಕೆಯಲ್ಲಿ ಊರು ಬಿಡುವುದೇ ಬಲ್ಲವರು ಹೇಳುತ್ತಿದ್ದ ಒಂದು ಉಪಾಯ. ಆದರೆ ಫಲಿತಾಂಶ ಒಂದೇ ಆಯಿತು: ರಾಷ್ಟ್ರದ ಸರ್ಕಾರವಿದ್ದ ನಗರದಲ್ಲಿ ಸರ್ಕಾರವೇ ಇರಲಿಲ್ಲ.

ಊರಲ್ಲಿ ಉಳಿದವರು

ಆ ತೆರವನ್ನು ತುಂಬಿದವರು ಚರಿತ್ರೆಯ ಪುಸ್ತಕದಲ್ಲಿ ಹಿಂದಿನ ಸಾಲಿನಲ್ಲಿರುವವರು. ಮೇಯರ್ ಮ್ಯಾಥ್ಯೂ ಕ್ಲಾರ್ಕ್‌ಸನ್ ಊರು ಬಿಡಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಅವರು ಸ್ವಯಂಸೇವಕರ ಸಮಿತಿಯೊಂದನ್ನು ಕಟ್ಟಿದರು. ಅದಕ್ಕೆ ಕಾನೂನಿನ ಅಧಿಕಾರ ಸ್ಪಷ್ಟವಾಗಿರಲಿಲ್ಲ, ಹಣವೂ ಇರಲಿಲ್ಲ. ಬ್ಯಾಂಕಿನಿಂದ ಸಾಲ ತಂದು ಅನಾಥ ಮಕ್ಕಳಿಗೆ ಆಶ್ರಯ, ಬಡವರಿಗೆ ಅನ್ನ, ಸತ್ತವರಿಗೆ ಶವಪೆಟ್ಟಿಗೆ ಒದಗಿಸಿತು. ಸಮಿತಿಯಲ್ಲಿದ್ದವರು ಬಹುಪಾಲು ವ್ಯಾಪಾರಿಗಳು ಮತ್ತು ಕಸುಬುದಾರರು. ಅವರಲ್ಲಿ ಕೆಲವರು ಜ್ವರಕ್ಕೇ ಬಲಿಯಾದರು. ಜೆನೆ ಅವರ ಪರವಾಗಿ ಮುಂಚೂಣಿಯಲ್ಲಿದ್ದ ರಿಪಬ್ಲಿಕನ್ ನಾಯಕ ಜೊನಾಥನ್ ಸಾರ್ಜೆಂಟ್ ಸಮಿತಿಯ ಕೆಲಸದಲ್ಲಿದ್ದಾಗ ತೀರಿಕೊಂಡರು; ಅದೇ ಪಕ್ಷದ ಮತ್ತೊಬ್ಬ ಮುಖಂಡ, ವೈದ್ಯ ಜೇಮ್ಸ್ ಹಚಿನ್ಸನ್, ರೋಗಿಗಳ ಆರೈಕೆಯಲ್ಲಿದ್ದಾಗ ಸೋಂಕು ತಗುಲಿ ಸೆಪ್ಟೆಂಬರ್ ಮೊದಲ ವಾರವೇ ಸತ್ತಿದ್ದರು.

ನಗರದ ಹೊರವಲಯದ ಬುಷ್ ಹಿಲ್ ಎಂಬ ದೊಡ್ಡ ಮನೆ ಜ್ವರದ ಆಸ್ಪತ್ರೆಯಾಯಿತು. ಕೆಲವೇ ವರ್ಷಗಳ ಹಿಂದೆ ಜಾನ್ ಆಡಮ್ಸ್ ಬಾಡಿಗೆಗಿದ್ದ ಮನೆ ಅದು. ಮೊದಲ ವಾರಗಳಲ್ಲಿ ಅಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಅಲ್ಲಿಗೆ ಹೋಗುವುದೆಂದರೆ ಸಾಯಲು ಹೋಗುವುದೆಂದೇ ಜನ ತಿಳಿದಿದ್ದರು. ಸಮಿತಿಯ ಸಭೆಯಲ್ಲಿ ಇಬ್ಬರು ತಾವಾಗಿ ಎದ್ದು ನಿಂತು ಅದರ ಆಡಳಿತವನ್ನು ವಹಿಸಿಕೊಂಡರು: ಫ್ರಾನ್ಸಿನಿಂದ ಬಂದು ನೆಲೆಸಿದ ಹಡಗು ವ್ಯಾಪಾರಿ ಸ್ಟೀಫನ್ ಗಿರಾರ್ಡ್, ಮತ್ತು ಪೀಪಾಯಿ ಮಾಡುವ ಕಸುಬಿನ ಪೀಟರ್ ಹೆಲ್ಮ್. ಗಿರಾರ್ಡ್ ಕೋಣೆಗಳನ್ನು ತೊಳೆಸಿದರು, ರೋಗಿಗಳನ್ನು ತೀವ್ರತೆಗೆ ತಕ್ಕಂತೆ ಬೇರ್ಪಡಿಸಿದರು, ತಾವೇ ರೋಗಿಗಳ ಪಕ್ಕದಲ್ಲಿ ಕುಳಿತು ಆರೈಕೆ ಮಾಡಿದರು. ಚಿಕಿತ್ಸೆಗೆ ಬಂದವರು ಸೇಂಟ್ ಡೊಮಿಂಗ್‌ನಿಂದ ನಿರಾಶ್ರಿತರಾಗಿ ಬಂದಿದ್ದ ವೈದ್ಯ ಜ್ಯಾಂ ದೆವೇಜ್. ಆ ಜ್ವರವನ್ನು ಮೊದಲೇ ಕಂಡಿದ್ದ ದೆವೇಜ್ ಮೃದುವಾದ ಆರೈಕೆಯನ್ನೇ ನೆಚ್ಚಿದರು.

ಮತ್ತೊಂದು ಗುಂಪನ್ನು ಪ್ರತ್ಯೇಕವಾಗಿ ನೆನೆಯಬೇಕು. ಸ್ವತಂತ್ರ ಕಪ್ಪು ಜನರು ಕಟ್ಟಿಕೊಂಡಿದ್ದ ಫ್ರೀ ಆಫ್ರಿಕನ್ ಸೊಸೈಟಿಯ ಮುಖಂಡರಾದ ಆಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಆಲನ್ ಇಬ್ಬರೂ ಒಂದು ಕಾಲಕ್ಕೆ ಗುಲಾಮರಾಗಿದ್ದವರು. ಆಫ್ರಿಕ ಮೂಲದವರಿಗೆ ಈ ಜ್ವರ ತಗುಲುವುದಿಲ್ಲವೆಂದು ನಂಬಿದ್ದ ರಶ್, ರೋಗಿಗಳ ಶುಶ್ರೂಷೆಗೆ ಮುಂದಾಗಬೇಕೆಂದು ಅವರನ್ನು ಕೇಳಿಕೊಂಡರು. ಅವರು ಒಪ್ಪಿದರು; ಶುಶ್ರೂಷೆಯ ಜೊತೆಗೆ ಶವಗಳನ್ನು ಸಾಗಿಸಿ ಹೂಳುವ ಕೆಲಸವನ್ನೂ ಮಾಡಿದರು. ರಶ್ ಅವರ ನಂಬಿಕೆ ಸುಳ್ಳಾಗಿತ್ತು. ಇನ್ನೂರಕ್ಕೂ ಹೆಚ್ಚು ಕಪ್ಪು ಜನರು ಸತ್ತರು. ನವೆಂಬರ್‌ನಲ್ಲಿ ಪ್ರಕಾಶಕ ಮ್ಯಾಥ್ಯೂ ಕ್ಯಾರಿ ಹೊರತಂದ ಪುಸ್ತಿಕೆ, ಈ ದಾದಿಯರಲ್ಲಿ ಕೆಲವರು ವಿಪರೀತ ಹಣ ಕಿತ್ತರು, ಕದ್ದರು ಎಂದು ದೂರಿತು. 1794ರ ಆರಂಭದಲ್ಲಿ ಜೋನ್ಸ್ ಮತ್ತು ಆಲನ್ ತಮ್ಮದೇ ಪುಸ್ತಿಕೆಯಿಂದ ಉತ್ತರಿಸಿದರು. ಬಂದ ಹಣ, ಖರ್ಚಾದ ಹಣದ ಲೆಕ್ಕವನ್ನು ಮುಂದಿಟ್ಟರು, ಖರ್ಚೇ ಹೆಚ್ಚಾಗಿತ್ತು. ಮೇಯರ್ ಅವರ ಪ್ರಶಂಸಾಪತ್ರವೂ ಅದರಲ್ಲಿತ್ತು. ಅಮೆರಿಕದ ಕಪ್ಪು ಲೇಖಕರು ಸಾರ್ವಜನಿಕ ಅಪವಾದಕ್ಕೆ ಮುದ್ರಣದಲ್ಲಿ ಕೊಟ್ಟ ಮೊದಮೊದಲ ಉತ್ತರಗಳಲ್ಲಿ ಅದೊಂದು.

ಔಷಧಕ್ಕೂ ಪಕ್ಷ

ಇನ್ನು ನನ್ನ ವೃತ್ತಿಗೆ ಸೇರಿದ ಭಾಗ. ರಶ್ ಸೆಪ್ಟೆಂಬರ್‌ನಲ್ಲಿ ತಮ್ಮ ಹೊಸ ಚಿಕಿತ್ಸೆಯನ್ನು ಪ್ರಕಟಿಸಿದರು: ಕ್ಯಾಲೊಮೆಲ್ ಎಂಬ ಪಾದರಸದ ಲವಣ ಮತ್ತು ಜಾಲಪ್ ಬೇರಿನಿಂದ ಬಲವಾದ ಭೇದಿ ಮಾಡಿಸುವುದು, ಜೊತೆಗೆ ಪದೇ ಪದೇ ರಕ್ತ ತೆಗೆಯುವುದು. ಮನುಷ್ಯನ ದೇಹದಲ್ಲಿ ನಿಜವಾಗಿ ಇರುವುದಕ್ಕಿಂತ ಎರಡರಷ್ಟು ರಕ್ತವಿದೆಯೆಂದು ಅವರು ಎಣಿಸಿದ್ದರು. ಹ್ಯಾಮಿಲ್ಟನ್ ಅವರನ್ನು ನೋಡಿಕೊಂಡವರು ಅವರ ಬಾಲ್ಯದ ಗೆಳೆಯ, ಕೆರಿಬಿಯನ್ನಿನ ಸೇಂಟ್ ಕ್ರಾಯ್ ದ್ವೀಪದಲ್ಲಿ ವೈದ್ಯವೃತ್ತಿ ನಡೆಸಿ ಬಂದಿದ್ದ ಡಾ. ಎಡ್ವರ್ಡ್ ಸ್ಟೀವನ್ಸ್. ಸಿಂಕೋನಾ ತೊಗಟೆ, ದ್ರಾಕ್ಷಾರಸ, ತಣ್ಣೀರಿನ ಸ್ನಾನ ಇವು ಅವರ ಕ್ರಮ. ಗುಣವಾದ ಹ್ಯಾಮಿಲ್ಟನ್ ಸೆಪ್ಟೆಂಬರ್ 11ರಂದು ವೈದ್ಯರ ಸಂಘಕ್ಕೆ ಬಹಿರಂಗ ಪತ್ರ ಬರೆದು ಸ್ಟೀವನ್ಸ್ ಅವರ ಕ್ರಮವನ್ನು ಹೊಗಳಿದರು.

ಅಲ್ಲಿಂದ ಚಿಕಿತ್ಸೆಗೂ ಪಕ್ಷದ ಬಣ್ಣ ಬಂತು. ರಶ್ ರಿಪಬ್ಲಿಕನ್ ಒಲವಿನವರು. ಹ್ಯಾಮಿಲ್ಟನ್ ಅವರ ಸಾಲದ ನೀತಿ ದಕ್ಷಿಣದ ರಾಜ್ಯಗಳಲ್ಲಿ ಎಷ್ಟು ಅಪ್ರಿಯವೋ ಅವರ ಔಷಧವೂ ಊರಿನಲ್ಲಿ ಅಷ್ಟೇ ಅಪ್ರಿಯವಾಗಿದೆ ಎಂದು ಅವರು ಪತ್ರವೊಂದರಲ್ಲಿ ಚುಚ್ಚಿದರು. ರೋಗದ ಮೂಲದ ಪ್ರಶ್ನೆಯಂತೂ ನೇರ ರಾಜಕೀಯವೇ ಆಯಿತು. ಜ್ವರ ಹಡಗಿನಲ್ಲಿ ಬಂದದ್ದೆಂದರೆ ಫ್ರೆಂಚ್ ದ್ವೀಪಗಳ ನಿರಾಶ್ರಿತರನ್ನೂ ವ್ಯಾಪಾರವನ್ನೂ ತಡೆಯಬೇಕು. ಇದು ಫೆಡರಲಿಸ್ಟರಿಗೆ ಒಪ್ಪುವ ಮಾತು. ಜ್ವರ ಊರ ಕೊಳೆಯಲ್ಲೇ ಹುಟ್ಟಿತೆಂದರೆ ಫ್ರೆಂಚರ ಮೇಲೆ ದೋಷವಿಲ್ಲ. ಇದು ರಿಪಬ್ಲಿಕನ್ನರಿಗೆ ಹಿತ. ವೈದ್ಯರ ಸಂಘ ಆಮದಿನ ವಾದವನ್ನು ಎತ್ತಿಹಿಡಿಯಿತು. ರಶ್ ಸಂಘಕ್ಕೆ ರಾಜೀನಾಮೆ ಕೊಟ್ಟರು. ಎಲ್ಲರೂ ಪಕ್ಷದ ಗೆರೆಯಲ್ಲೇ ನಿಂತರೆಂದಲ್ಲ. ಜೆಫರ್ಸನ್ ಪಕ್ಷದ ಕಡೆಗೆ ಒಲಿದಿದ್ದ ಗಿರಾರ್ಡ್ ಅವರಿಗೇ ರಶ್ ಅವರ ರಕ್ತಮೋಕ್ಷಣ ಒಪ್ಪಿಗೆಯಾಗಿರಲಿಲ್ಲ. ಆದರೆ ಪತ್ರಿಕೆ ಓದುವ ಸಾಮಾನ್ಯ ಪ್ರಜೆಗೆ ಯಾವ ಔಷಧ ಕುಡಿಯಬೇಕೆಂಬುದು ಯಾರ ಮಾತು ನಂಬಬೇಕೆಂಬ ಪ್ರಶ್ನೆಯಾಗಿ ಉಳಿಯಿತು. ಎರಡು ವಾದಗಳೂ ಅರ್ಧರ್ಧ ಸರಿ ಎಂಬುದು ಈಗ ತಿಳಿದ ಸಂಗತಿ: ವೈರಾಣು ಹಡಗಿನಲ್ಲಿ ಬಂತು, ಊರಿನ ನಿಂತ ನೀರು ಅದನ್ನು ಹಬ್ಬಿಸಿತು. ಎರಡು ಅರ್ಧಗಳನ್ನು ಜೋಡಿಸಿ ನೋಡುವ ತಾಳ್ಮೆ ಯಾರಲ್ಲೂ ಇರಲಿಲ್ಲ.

ಇಬ್ಬರೂ ಗೆದ್ದೆವೆಂದು ಹೇಗೆ ನಂಬಿದರು?

ಇದಕ್ಕೆ ಉತ್ತರ ರೋಗದ ಸ್ವಭಾವದಲ್ಲಿದೆ. ಹಳದಿ ಜ್ವರ ತಗುಲಿದವರಲ್ಲಿ ಬಹುಪಾಲು ಜನ ಮೂರು ನಾಲ್ಕು ದಿನಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಸುಮಾರು ನೂರಕ್ಕೆ ಹದಿನೈದು ಜನರಲ್ಲಿ, ಒಂದು ದಿನದ ಬಿಡುವಿನ ನಂತರ, ಜ್ವರ ಮರುಕಳಿಸಿ ಯಕೃತ್ತು ಮತ್ತು ಮೂತ್ರಪಿಂಡಗಳು ಕೆಡುತ್ತವೆ, ರಕ್ತಸ್ರಾವ ಆಗುತ್ತದೆ. ಅಂಥವರಲ್ಲಿ ಅರ್ಧದಷ್ಟು ಜನ ಸಾಯಬಹುದು. ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ದ್ರವ, ವಿಶ್ರಾಂತಿ, ಎಚ್ಚರದ ಆರೈಕೆಯಷ್ಟೇ. ಹೀಗಿರುವಾಗ ಯಾವ ಚಿಕಿತ್ಸೆ ಕೊಟ್ಟರೂ ಹೆಚ್ಚಿನವರು ಬದುಕುತ್ತಾರೆ. ಬದುಕಿದವರು ವೈದ್ಯನಿಗೆ ಕೃತಜ್ಞರಾಗಿ ಸಾಕ್ಷಿ ಹೇಳುತ್ತಾರೆ, ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ರಶ್ ದಿನಕ್ಕೆ ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡುತ್ತಿದ್ದರು. ಅವರ ಸಹೋದರಿ, ಅವರ ಶಿಷ್ಯರಲ್ಲಿ ಕೆಲವರು ಸತ್ತರು. ಅವರೇ ಜ್ವರದಿಂದ ಮಲಗಿ ಎದ್ದು, ಮತ್ತೆ ಬಡವರ ಮನೆಗಳಿಗೆ ಹೋದರು. ಅವರ ಧೈರ್ಯದಲ್ಲಿ ಲೇಶವೂ ಸಂಶಯವಿಲ್ಲ. ಆದರೂ ರಕ್ತಸ್ರಾವವಾಗುವ ರೋಗಿಯಿಂದ ಮತ್ತಷ್ಟು ರಕ್ತ ತೆಗೆದದ್ದು ಅನೇಕರ ಅಂತ್ಯವನ್ನು ಹತ್ತಿರ ತಂದಿರಬೇಕು. ಪ್ರಾಣವನ್ನೇ ಪಣಕ್ಕಿಟ್ಟವರು ಹೇಳಿದ್ದು ಸರಿಯೇ ಇರಬೇಕೆಂದು ನಾವು ಸುಲಭವಾಗಿ ಒಪ್ಪಿಬಿಡುತ್ತೇವೆ. ವೈದ್ಯಕೀಯದಲ್ಲೂ ರಾಜಕೀಯದಲ್ಲೂ ಇದು ಅಪಾಯಕಾರಿ ಒಪ್ಪಿಗೆ.

ರಕ್ತಮೋಕ್ಷಣದ ವಾದ ನ್ಯಾಯಾಲಯದವರೆಗೂ ಹೋಯಿತು. 1797ರಲ್ಲಿ ಫೆಡರಲಿಸ್ಟ್ ಪತ್ರಕರ್ತ ವಿಲಿಯಂ ಕಾಬೆಟ್ ತಮ್ಮ ಪತ್ರಿಕೆಯಲ್ಲಿ ರಶ್ ಅವರನ್ನು ಕೊಲೆಗಾರನೆನ್ನುವಷ್ಟು ಕಟುವಾಗಿ ಹೀಯಾಳಿಸಿದರು. ರಶ್ ಮಾನನಷ್ಟ ಮೊಕದ್ದಮೆ ಹೂಡಿದರು. 1799ರ ಡಿಸೆಂಬರ್ 14ರಂದು ತೀರ್ಪು ರಶ್ ಅವರ ಪರವಾಗಿ ಬಂತು. 5,000 ಡಾಲರ್ ಪರಿಹಾರ. ಅದೇ ದಿನ ಮೌಂಟ್ ವರ್ನನ್‌ನಲ್ಲಿ ಗಂಟಲಿನ ತೀವ್ರ ಬಾವಿನಿಂದ ವಾಷಿಂಗ್ಟನ್ ಕೊನೆಯುಸಿರೆಳೆದರು. ಸಾಯುವ ಮುನ್ನ ಕೆಲವೇ ಗಂಟೆಗಳಲ್ಲಿ ಅವರ ದೇಹದಿಂದ ಎರಡು ಲೀಟರಿಗೂ ಹೆಚ್ಚು ರಕ್ತವನ್ನು ತೆಗೆಯಲಾಗಿತ್ತು. ಅಲ್ಲಿದ್ದ ಮೂವರು ವೈದ್ಯರಲ್ಲಿ ಕಿರಿಯರಾದ ಎಲಿಶಾ ಡಿಕ್ ಇನ್ನಷ್ಟು ರಕ್ತ ತೆಗೆಯುವುದು ಬೇಡವೆಂದರು; ಅವರ ಮಾತು ನಡೆಯಲಿಲ್ಲ. ಯಾವ ಚಿಕಿತ್ಸೆಯನ್ನೂ ಎಣಿಸಿ, ಹೋಲಿಸಿ ನೋಡಬೇಕೆಂಬ ಕ್ರಮ ವೈದ್ಯಕೀಯದಲ್ಲಿ ಬೇರೂರಲು 1830ರ ದಶಕದಲ್ಲಿ ಪ್ಯಾರಿಸ್ಸಿನ ಪಿಯೇರ್ ಲೂಯಿ ಅವರು ರಕ್ತಮೋಕ್ಷಣದ ಫಲವನ್ನು ಸಂಖ್ಯೆಗಳಲ್ಲಿ ಪರಿಶೀಲಿಸುವವರೆಗೆ ಕಾಯಬೇಕಾಯಿತು.

ಕಾಂಗ್ರೆಸ್ ಎಲ್ಲಿ ಸೇರಬೇಕು?

1793ರ ಅಕ್ಟೋಬರ್‌ನಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಶವಗಳನ್ನು ಹೂಳುತ್ತಿದ್ದಾಗ ಮೌಂಟ್ ವರ್ನನ್‌ನಲ್ಲಿದ್ದ ವಾಷಿಂಗ್ಟನ್ ಅವರನ್ನು ಬೇರೊಂದು ಪ್ರಶ್ನೆ ಕಾಡುತ್ತಿತ್ತು. ಡಿಸೆಂಬರ್ ಮೊದಲ ವಾರ ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಬೇಕು. ಅಷ್ಟರಲ್ಲಿ ಜ್ವರ ಇಳಿಯದಿದ್ದರೆ? ವಿಶೇಷ ಸಂದರ್ಭಗಳಲ್ಲಿ ಕಾಂಗ್ರೆಸ್ಸನ್ನು ಕರೆಯುವ ಅಧಿಕಾರವನ್ನು ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿದೆ. ಬೇರೊಂದು ಸ್ಥಳಕ್ಕೆ ಕರೆಯಬಹುದೇ ಎಂಬುದನ್ನು ಹೇಳಿಲ್ಲ. ಯುದ್ಧವನ್ನು ಗೆದ್ದ ಸೇನಾಪತಿ, ಪ್ರಶ್ನಾತೀತ ಜನಪ್ರಿಯತೆಯ ಅಧ್ಯಕ್ಷ, ಎದುರಿಗೆ ಸಾವಿನ ನೆಪ. ಆಜ್ಞೆ ಹೊರಡಿಸಿದ್ದರೆ ಯಾರು ತಡೆಯುತ್ತಿದ್ದರು? ವಾಷಿಂಗ್ಟನ್ ಹಾಗೆ ಮಾಡದೆ ಪತ್ರ ಬರೆದು ಎಲ್ಲರ ಅಭಿಪ್ರಾಯ ಕೇಳಿದರು. ಜೆಫರ್ಸನ್ ಮತ್ತು ಮ್ಯಾಡಿಸನ್ ಅಧ್ಯಕ್ಷರಿಗೆ ಆ ಅಧಿಕಾರವಿಲ್ಲವೆಂದರು; ಬಯಲಿನಲ್ಲಾದರೂ ಸರಿ, ಮೊದಲು ಫಿಲಡೆಲ್ಫಿಯಾದಲ್ಲೇ ಸೇರಿ ಅಲ್ಲಿಂದ ಬೇರೆಡೆಗೆ ಹೋಗಲು ಕಾಂಗ್ರೆಸ್ಸೇ ತೀರ್ಮಾನಿಸಬೇಕೆಂಬುದು ಜೆಫರ್ಸನ್ ಅವರ ನಿಲುವು. ಅಧಿಕಾರವನ್ನು ಸಾಮಾನ್ಯವಾಗಿ ಹಿಗ್ಗಿಸಿ ಓದುವ ಹ್ಯಾಮಿಲ್ಟನ್ ಅವರಿಗೂ ಆಜ್ಞೆಯ ವಿಷಯದಲ್ಲಿ ಸಂದೇಹವಿತ್ತು, ಶಿಫಾರಸು ಮಾಡಬಹುದೆಂದರು.

ನವೆಂಬರ್ ಆರಂಭದಲ್ಲಿ ವಾಷಿಂಗ್ಟನ್ ನಗರದಿಂದ ಹತ್ತು ಕಿಲೋಮೀಟರ್ ದೂರದ ಜರ್ಮನ್‌ಟೌನ್‌ನಲ್ಲಿ ಬಾಡಿಗೆ ಮನೆ ಹಿಡಿದು ಅಲ್ಲೇ ಸಂಪುಟದ ಸಭೆಗಳನ್ನು ನಡೆಸಿದರು. ಚಳಿ ಬಿದ್ದು ಸೊಳ್ಳೆಗಳು ಸತ್ತವು, ಜ್ವರ ನಿಂತಿತು. ಡಿಸೆಂಬರ್ 2ರಂದು ಕಾಂಗ್ರೆಸ್ ಫಿಲಡೆಲ್ಫಿಯಾದಲ್ಲೇ ಸೇರಿತು. 1794ರ ಏಪ್ರಿಲ್ 3ರಂದು, ಸಾಂಕ್ರಾಮಿಕ ರೋಗದಂತಹ ಅಪಾಯವಿದ್ದಾಗ ಅಧಿವೇಶನದ ಸ್ಥಳವನ್ನು ಬದಲಿಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಕಾನೂನು ಬಂತು. ಅಧ್ಯಕ್ಷರು ತಾವೇ ತೆಗೆದುಕೊಳ್ಳದ ಅಧಿಕಾರವನ್ನು ಜನಪ್ರತಿನಿಧಿಗಳು ವಿಚಾರ ಮಾಡಿ ಕೊಟ್ಟರು. ಇಡೀ ಪ್ರಸಂಗದಲ್ಲಿ ವಾಷಿಂಗ್ಟನ್ ಅವರ ನಾಯಕತ್ವ ನನಗೆ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ಮತ್ತೆ ಮತ್ತೆ ಬಂದ ಜ್ವರ

ರೋಗ ಅಲ್ಲಿಗೆ ಮುಗಿಯಲಿಲ್ಲ. 1798ರಲ್ಲಿ ಮರಳಿ ಬಂದಾಗ ಫಿಲಡೆಲ್ಫಿಯಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ವರ್ಷ ರಿಪಬ್ಲಿಕನ್ ಪತ್ರಿಕೆ ‘ಅರೋರಾ’ದ ಸಂಪಾದಕ, ಬೆಂಜಮಿನ್ ಫ್ರ್ಯಾಂಕ್ಲಿನ್ ಅವರ ಮೊಮ್ಮಗ ಬೆಂಜಮಿನ್ ಬಾಚ್ ಹಾಗೂ ಅವರ ಕಡುವೈರಿ, ಫೆಡರಲಿಸ್ಟ್ ಪತ್ರಿಕೆಯ ಜಾನ್ ಫೆನೊ ಇಬ್ಬರೂ ಸೆಪ್ಟೆಂಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇದೇ ಜ್ವರದಿಂದ ತೀರಿಕೊಂಡರು.

ಆದರೆ ಈ ವರ್ಷಗಳಲ್ಲಿ ಒಂದೊಂದಾಗಿ ವ್ಯವಸ್ಥೆಗಳು ಹುಟ್ಟಿದವು. 1796ರಲ್ಲಿ ಹಡಗುಗಳ ದಿಗ್ಬಂಧನದಲ್ಲಿ ರಾಜ್ಯಗಳಿಗೆ ಕೇಂದ್ರ ನೆರವಾಗುವ ಕಾನೂನು ಬಂತು. 1798ರಲ್ಲಿ ನಾವಿಕರ ಸಂಬಳದಿಂದ ತಿಂಗಳಿಗೆ 20 ಸೆಂಟ್ ಕಡಿದು ಅವರ ಚಿಕಿತ್ಸೆಗೆ ಬಳಸುವ ಕಾನೂನು ಬಂತು. ಇಂದಿನ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಬೇರು ಅಲ್ಲಿದೆ. 1801ರಲ್ಲಿ ಫಿಲಡೆಲ್ಫಿಯಾದ ಮನೆಗಳಿಗೆ ನದಿಯ ನೀರನ್ನು ಹಬೆಯಂತ್ರದಿಂದ ಎತ್ತಿ ಹರಿಸುವ ಕೆಲಸ ಆರಂಭವಾಯಿತು. ಒಂದು ಪಕ್ಷದವರಿಗೆ ಬೇಕಿದ್ದ ದಿಗ್ಬಂಧನವೂ, ಇನ್ನೊಂದು ಪಕ್ಷದವರು ಹೇಳುತ್ತಿದ್ದ ನಗರ ನೈರ್ಮಲ್ಯವೂ ಕೊನೆಗೆ ಎರಡೂ ಬೇಕಾದವು.

ರಶ್ ಅವರ ಬಗ್ಗೆ ಇನ್ನೊಂದು ಸಂಗತಿ ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತೆ. ರಾಜಕೀಯದಿಂದ ಬೇರ್ಪಟ್ಟು ವರ್ಷಗಟ್ಟಲೆ ಮಾತುಬಿಟ್ಟಿದ್ದ ಆಡಮ್ಸ್ ಮತ್ತು ಜೆಫರ್ಸನ್ ಅವರಿಗೆ ಪಟ್ಟುಬಿಡದೆ ಪತ್ರ ಬರೆದು 1812ರಲ್ಲಿ ಅವರನ್ನು ಮತ್ತೆ ಒಂದುಗೂಡಿಸಿದವರು ಅವರೇ. ಮರುವರ್ಷ ರಶ್ ತೀರಿಕೊಂಡರು. ನಾನು ಆರಂಭದಲ್ಲಿ ಹೇಳಿದ ಆಡಮ್ಸ್ ಪತ್ರ ಬರೆಯಲ್ಪಟ್ಟದ್ದೂ ಆ ವರ್ಷವೇ, ರಶ್ ಬೆಸೆದ ಆ ಸ್ನೇಹದ ಫಲವಾಗಿಯೇ.

ನಮ್ಮ ಪೀಳಿಗೆಯೂ ಒಂದು ಮಹಾಮಾರಿಯನ್ನು ಕಂಡಿದೆ. ಔಷಧ, ಮುಖಗವಸು, ಲಸಿಕೆ ಪಕ್ಷದ ಗುರುತುಗಳಾದದ್ದನ್ನು ನಾವಿರುವ ಈ ದೇಶದಲ್ಲೇ ನೋಡಿದ್ದೇವೆ. ಅದು ನಮ್ಮ ಕಾಲದ ವಿಶೇಷ ಕೇಡೆಂದು ಅನೇಕರು ಭಾವಿಸುತ್ತಾರೆ. 1793ರ ಫಿಲಡೆಲ್ಫಿಯಾ ಅದನ್ನು ಸುಳ್ಳುಮಾಡುತ್ತದೆ. ಗಣರಾಜ್ಯ ಹುಟ್ಟಿದಾಗಲೇ ಈ ರೋಗವೂ ಜೊತೆಗಿತ್ತು. ಅದಕ್ಕೆ ಅಂದು ದೊರೆತ ಪರಿಹಾರಗಳೆಂದರೆ ಊರಲ್ಲಿ ಉಳಿದು ದುಡಿದ ಸಾಮಾನ್ಯರು, ತನಗಿಲ್ಲದ ಅಧಿಕಾರವನ್ನು ಕೇಳಿ ಪಡೆಯುವ ಸಂಯಮ, ಮತ್ತು ತಡವಾಗಿಯಾದರೂ ಯಾರ ಮಾತನ್ನೂ ಎಣಿಸಿ ನೋಡಿ ಒಪ್ಪುವ ಅಭ್ಯಾಸ. ಈ ಮೂರಕ್ಕೆ ಬದಲಿಯಾಗಿ ಬೇರೊಂದು ಔಷಧ ಇದುವರೆಗೆ ಬಂದಿಲ್ಲ.